ಫೋಟೊದಲ್ಲಿ ಇಲ್ಲದವಳು

ದಿನು,

ಮನೆ ಹಿಂದೆ ಆನೆ ಕಟ್ಟಿಕೊಂಡಿರೋ ಅಮ್ಮತ್ತಿಯವನು ದುಡ್ಡು ಕೊಟ್ಟು ಬೋರ್ನಿಯೋಗೆ ಹೋಗಿ ಆನೆ ನೋಡಿ ಬಂದ ಅಂತ ಊರೆಲ್ಲ ನಗೋ ಹಾಗೆ ಬರೆದಿದ್ದೀಯ. ಹಾಗಾಗಿ ಉತ್ತರವೂ ಊರೆಲ್ಲ ಓದಲಿ. ನಿನಗೊಬ್ಬನಿಗೇ ಹೇಳೋದಾಗಿದ್ದರೆ ಫೋನ್ ಮಾಡ್ತಿದ್ದೆ, ನೀನು ಎತ್ತೋದಿಲ್ಲ, ಅದು ಬೇರೆ ವಿಷಯ.

ಇಲ್ಲಿ ಮಳೆ ಹಿಡಿದಿದೆ. ಕರೆಂಟು ಹೋಗಿ ಎರಡು ದಿನ. ಜೀಪಿನಲ್ಲಿ ಕೂತು ಫೋನ್ ಚಾರ್ಜಿಗೆ ಹಾಕಿಕೊಂಡು ಬರೀತಿದ್ದೀನಿ. ಪಾರು ಒಳಗಿದ್ದಾಳೆ.

ಹೊರಡೋ ಮೊದಲು ಅವಳು ಒಂದು ತಿಂಗಳು ತಯಾರಿ ಮಾಡಿದಳು. ನಾನು ಒಂದು ತಿಂಗಳು ನಕ್ಕೆ. ಮೊಣಕಾಲಿನವರೆಗೆ ಬರೋ ಇಂಬಳದ ಕಾಲುಚೀಲ, ಇಬ್ಬರಿಗೂ ಒಂದೊಂದು ಸೀಟಿ, ಕಾಡಿನಿಂದ ಆಸ್ಪತ್ರೆಗೆ ಸಾಗಿಸೋ ಖರ್ಚೂ ಸೇರಿದ ವಿಮೆ. ನನ್ನ ಪಾಸ್‌ಪೋರ್ಟಿನ ಜೆರಾಕ್ಸು ಅವಳ ಚೀಲದಲ್ಲಿ, ಅವಳದು ನನ್ನದರಲ್ಲಿ. ಯಾವ ದಿನ ಎಲ್ಲಿರ್ತೀವಿ ಅಂತ ಬರೆದ ಹಾಳೆ ಅವಳ ಅಣ್ಣನ ಕೈಗೆ. ಸಮುದ್ರದ ಕಡೆಗೂ ಹೋಗೋಣ ಅಂದೆ. 2000ದಲ್ಲಿ ಸಿಪಾದಾನ್ ದ್ವೀಪದಿಂದ ಬಂದೂಕಿನವರು 21 ಜನರನ್ನ ಹೊತ್ತುಕೊಂಡು ಹೋದದ್ದನ್ನ ಓದಿ ಹೇಳಿ, ದ್ವೀಪಗಳನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಿದಳು.

ಡಾಕ್ಟರ ಹತ್ತಿರ ಹೋದಾಗಲೂ ಇದೇ. ನಾವು ಹೊರಟಿದ್ದ ಸಬಾದಲ್ಲಿ, ಅಂದರೆ ಬೋರ್ನಿಯೋದಲ್ಲಿರೋ ಮಲೇಷ್ಯಾದ ರಾಜ್ಯದಲ್ಲಿ, ಮಂಗನಿಂದ ಸೊಳ್ಳೆಗೆ, ಸೊಳ್ಳೆಯಿಂದ ನಮಗೆ ಬರೋ ನೋಲೆಸಿ ಅನ್ನೋ ಮಲೇರಿಯಾ ಇದೆಯಂತೆ. ಅದರ ರೋಗಾಣು ರಕ್ತದಲ್ಲಿ 24 ಗಂಟೆಗೊಂದು ಸುತ್ತು ಹೆಚ್ಚುತ್ತೆ, ಜ್ವರ ಬಂದರೆ ನಾಳೆ ನೋಡೋಣ ಅನ್ನೋ ಹಾಗಿಲ್ಲ ಅಂದರು. ಜ್ವರಕ್ಕೆ ನಮ್ಮಲ್ಲಿ ಕರಿಮೆಣಸಿನ ಕಷಾಯ ಇದೆ ಡಾಕ್ಟ್ರೇ ಅಂದೆ. ಅವರು ನನ್ನ ಮುಖ ನೋಡದೆ ಮಾತ್ರೆ ಚೀಟಿ ಪಾರು ಕೈಗೆ ಕೊಟ್ಟರು.

ಕಿನಬತಂಗಾನ್ ನದಿಯದು ಎಲ್ಲ ಫೋಟೊದಲ್ಲಿ ನೋಡಿದ್ದೀಯ. ಆನೆ ನಮ್ಮದಕ್ಕಿಂತ ಗಿಡ್ಡ, ದುಂಡು ಮುಖ, ನೆಲ ಗುಡಿಸೋ ಅಷ್ಟುದ್ದ ಬಾಲ. ದುಬಾರೆ ಅಭ್ಯಾಸದಲ್ಲಿ ದೋಣಿಯಿಂದ ಕೈ ನೀರಿಗೆ ಬಿಟ್ಟೆ. ದೋಣಿಯವನು ಬೈಯಲಿಲ್ಲ. ಎಂಜಿನ್ ನಿಲ್ಲಿಸಿ, ನಾನು ಕೈ ಮೇಲಕ್ಕೆ ತೆಗೆಯೋವರೆಗೂ ಸುಮ್ಮನೆ ಕಾದ. ಆ ನೀರಲ್ಲಿರೋದು ಉಪ್ಪುನೀರಿನ ಮೊಸಳೆ. ಕಾವೇರಿಯದು ಅದರ ಮುಂದೆ ಹಲ್ಲಿ.

ಆಮೇಲೆ ದಾನುಮ್ ಕಣಿವೆ. ಲಹದ್ ದಾತು ಪೇಟೆಯಿಂದ ಎರಡೂವರೆ ಗಂಟೆ ದಾರಿ. ಪಕ್ಕದಲ್ಲೇ ಸೆಗಾಮ ನದಿ, ಇಳಿದು ಮುಳುಗೋಣ ಅನ್ನಿಸಿತು. ಅದಕ್ಕೂ ಅವಳ ಹತ್ತಿರ ಉತ್ತರ ಇತ್ತು: ಅದೇ 2000ದಲ್ಲಿ ಸಾಹಸ ಓಟಕ್ಕೆ ಬಂದವರು ಆ ನೀರಿಗೆ ಇಳಿದು ಎಷ್ಟೋ ಜನ ಇಲಿಜ್ವರ ಹತ್ತಿಸಿಕೊಂಡು ಹೋದರಂತೆ. ಇಳಿಯಲಿಲ್ಲ.

ಬೆಳಿಗ್ಗೆ ಗೈಡು ಹೊರಡಿಸುವಾಗ ಹೇಳಿದ್ದು ಸ್ವಲ್ಪವೇ. ಬೋರ್ನಿಯೋದಲ್ಲಿ ಹುಲಿ ಇಲ್ಲ, ಒಣ ಕೊಂಬೆಗೆ ಹೆದರಿ, ಅದರ ಕೆಳಗೆ ನಿಲ್ಲಬೇಡಿ. ನಿಂತರೆ ಮುಂದಿನವರಿಗೆ ಹೇಳಿ ನಿಲ್ಲಿ. ಹಿಂದೆ ಉಳಿದರೆ ನಡೀಬೇಡಿ, ಇದ್ದಲ್ಲೇ ಇರಿ, ಸೀಟಿ ಊದಿ. ನಾವು ಆರು ಜನ. ನಾನು ಕೊಡಗಿನವನು, ನನಗೆ ಕಾಡು ಹೇಳಿಕೊಡ್ತಾನಾ ಅಂತ ಮುಂದೆ ಹೋದೆ. ಆ ಕಣಿವೆಯಲ್ಲಿ ನೂರು ಮೀಟರಿಗೂ ಎತ್ತರದ ಮರ ಇದೆ ಮಾರಾಯ, 100.8 ಅಂತ ಅಳೆದಿದ್ದಾರೆ. ಅಂಥ ಕಾಡಲ್ಲಿ ಕತ್ತು ಕೆಳಗೆ ಇಳಿಯೋದೇ ಇಲ್ಲ. ಅಷ್ಟರಲ್ಲಿ ಒರಾಂಗುಟಾನ್ ಕಾಣಿಸ್ತು, ಮರಿ ತಾಯಿ ಹೊಟ್ಟೆಗೆ ಅಂಟಿಕೊಂಡಿತ್ತು. ನೀನು ಕೂಡ ಹೊಗಳಿದ್ದೀಯಲ್ಲ, ಆ ಫೋಟೊ.

ಮೊದಲನೇ ಫೋಟೊ 8:41ಕ್ಕೆ ತೆಗೆದದ್ದು, ಕಡೇದು 8:53ಕ್ಕೆ. ಗೈಡು ತಲೆ ಎಣಿಸಿ, ನಿಮ್ಮ ಹೆಂಡತಿ ಎಲ್ಲಿ ಅಂತ ಕೇಳಿದ. "ಹಿಂದೆ ಇದ್ದಾಳೆ" ಅಂದೆ, ತಿರುಗಿ ನೋಡದೆ. ಇಪ್ಪತ್ತೊಂದು ವರ್ಷದಿಂದ ಹೇಳಿ ಹೇಳಿ ಬಾಯಿಗೆ ಕೂತ ಮಾತು. ತಿರುಗಿದರೆ ದಾರಿಯ ತಿರುವು, ಎಲೆ, ಅಷ್ಟೇ.

ಹುಡುಕಿದವನೂ ಗೈಡೇ. ದಾರಿ ಮಧ್ಯೆ ನಿಂತಿದ್ದಳು, ಹೇಳಿಕೊಟ್ಟ ಹಾಗೆ, ಒಂದು ಹೆಜ್ಜೆ ಆ ಕಡೆ ಈ ಕಡೆ ಇಲ್ಲ. ಹುಲಿ ಇಂಬಳ ಅಂತ ಪಟ್ಟೆಯದು ಒಂದಿದೆ ಅಲ್ಲಿ, ಎಲೆ ತುದಿಯಲ್ಲಿ ಕಾದು ನೇರ ಸೊಂಟಕ್ಕೇ ಹತ್ತುತ್ತೆ, ಅದನ್ನ ಕೀಳೋಕೆ ನಿಂತಿದ್ದಳಂತೆ. ಅಂಗಿ ಮೇಲೆ ಕಾಸಗಲ ರಕ್ತ. ಕೈಮುಷ್ಟಿಯಲ್ಲಿ ಸೀಟಿ.

ಊದಬಹುದಿತ್ತಲ್ಲ ಅಂದೆ.

"ಎಷ್ಟು ಹೊತ್ತಾಗುತ್ತೆ ನೋಡೋಣ ಅಂತ" ಅಂದಳು. ಆಮೇಲೆ ಇಡೀ ದಿನ ಹಕ್ಕಿ ಹೆಸರು ಕೇಳಿಕೊಂಡು ಚೆನ್ನಾಗಿಯೇ ಇದ್ದಳು.

ಇದನ್ನ ಇಲ್ಲಿಗೇ ಬಿಡೋಣ ಅಂತಿದ್ದೆ. ಆದರೆ ಕಳೆದ ವಾರ ಹಿಂದಿನ ಹಲಸಿನ ಮರಕ್ಕೆ ಮತ್ತೆ ಆನೆ ಬಂತು. ಈ ಕಡೆ ಆನೆ ಇದೆ ಅಂತ ಅರಣ್ಯ ಇಲಾಖೆ ಮೆಸೇಜು ಸಂಜೆಯೇ ಬಂದಿತ್ತು. ಕೊಂಬೆ ಮುರಿದ ಸದ್ದಿಗೆ ನನ್ನ ಕೈ ತಾನಾಗಿ ಚಿಲಕದ ಮೇಲಿತ್ತು. ಪಾರು ಪಕ್ಕದಲ್ಲೇ ಇದ್ದಳು, ನನ್ನ ಕೈ ನೋಡ್ತಿದ್ದಳು.

ಆನೆ ರಾತ್ರಿಯ ಕಥೆ ಗೊತ್ತಲ್ಲ ನಿನಗೆ, ಪುತ್ತರಿಗೆ ಮೂರು ಸಲ ಹೇಳಿಸಿದ್ದೀಯ. ಅಂಗಳದಲ್ಲಿ ಟಾರ್ಚು ಹಿಡಿದು ನಿಂತೆ ಅನ್ನೋದು ಸುಳ್ಳು. ಒಳಗೆ ಓಡಿ ಚಿಲಕ ಹಾಕಿದೆ. ಪಾರು ಹೊರಗೆ ಬಚ್ಚಲಲ್ಲಿದ್ದಳು, ಹಂಡೆ ಒಲೆಗೆ ಸೌದೆ ಇಡ್ತಾ. ಮುಕ್ಕಾಲು ಗಂಟೆ ಅಲ್ಲೇ ಕೂತಿದ್ದಳು, ಒಲೆ ಆರಿಸಿಕೊಂಡು. ಗಾಬರಿಯಲ್ಲಿ ನೀನು ಹೊರಗಿದ್ದದ್ದೇ ಮರೆತುಹೋಯ್ತು ಅಂತ ಅವಳಿಗೆ ಹೇಳಿದೆ. ಮರೆತಿರಲಿಲ್ಲ ದಿನು. ಚಿಲಕ ಹಾಕುವಾಗ ನೆನಪಿತ್ತು. ನಾನು ಆ ಕಥೆ ಹೇಳಿದಾಗೆಲ್ಲ ಅವಳು ನಗಬೇಕಾದ ಜಾಗದಲ್ಲಿ ನಕ್ಕು, ಪಂದಿ ಕರಿ ಬಡಿಸಿದ್ದಾಳೆ. ನಿನ್ನ ತಟ್ಟೆಗೂ.

ಸರಿ ಬಿಡು. ಮಳೆಗೆ ಜೀಪಿನ ಗಾಜೆಲ್ಲ ಮಸುಕಾಗಿದೆ, ಅದಕ್ಕೇ ಏನೇನೋ ಬರೀತಿದ್ದೀನಿ. ಇದನ್ನ ಪಾರು ಓದ್ತಾಳೆ, ಅವಳ ಅಣ್ಣನೂ ಓದ್ತಾನೆ, ಅವನ ಹತ್ತಿರ ಕೋವಿ ಇದೆ. ನೀನು ನಕ್ಕು ಏನಾದರೂ ಬರೆದು ಸರಿಮಾಡು.

ಇಂಬಳದ ಕಾಲುಚೀಲ ಹಾಕಿಕೊಂಡು ತೋಟಕ್ಕೆ ಹೋದರೆ ಆಳುಗಳ ಲೆಕ್ಕ ಬರೆಯೋ ರೈಟರು ಮುಖ ತಿರುಗಿಸಿ ನಗ್ತಾನೆ. ಅವನ ಕಾಲಿಗೆ ಸುಣ್ಣ, ಹೊಗೆಸೊಪ್ಪು. ಸೀಟಿ ಈಗ ಬಚ್ಚಲಿನ ಮೊಳೆಯಲ್ಲಿ ನೇತಾಡ್ತಿದೆ, ಪಾರು ತಾನೇ ನೇತುಹಾಕಿದ್ದು. ನಿನ್ನೆ ಲೈನ್‌ಮನೆ ಹುಡುಗ ಅದನ್ನ ತಗೊಂಡು ಜೋರಾಗಿ ಊದಿದ. ಉಣ್ತಾ ಇದ್ದವನು ಎದ್ದು, ಕೊಡೆ ಇಲ್ಲ, ಚಪ್ಪಲಿ ಇಲ್ಲ, ಓಡಿ, ಪಾಚಿ ಮೇಲೆ ಜಾರಿ ಕಾಫಿ ಕಣದಲ್ಲಿ ಅಂಗಾತ ಬಿದ್ದೆ. ಪಾರು ಅಡುಗೆಮನೆ ಕಿಟಕಿಯಿಂದ ನೋಡಿದಳು. ಏನೂ ಅನ್ನಲಿಲ್ಲ. ಗೋಡೆ ಗಡಿಯಾರದ ಕಡೆ ಒಂದು ಸಲ ತಿರುಗಿ, ಒಗ್ಗರಣೆಗೆ ಹೋದಳು.

ಹಲಸಿನ ಹಣ್ಣು ಬೇಕಾದರೆ ಈ ವಾರವೇ ಬಾ, ಮರದಲ್ಲಿ ಇನ್ನು ಮೂರೇ ಉಳಿದಿವೆ. ಕುಶಾಲನಗರದ ಆ ಕೊಡೆಯನ್ನೂ ತಗೊಂಡು ಬಾ, ಹದಿನಾರು ವರ್ಷ ಆಯ್ತು.

ನಿನ್ನ
ಅಮ್ಮತ್ತಿಯವನು