ಗಾಡಿ ಓಡಿಸುವ ಸದಸ್ಯರ ಗಮನಕ್ಕೆ

ಗೆಳೆಯರೇ, ನಿರಾಶ್ರಿತರನ್ನು, ವಲಸಿಗರನ್ನು ಕರೆದೊಯ್ಯುವ ಎಲ್ಲರೂ ಇದನ್ನು ಪೂರ್ತಿ ಓದಿ.

ಗಾಡಿ ಹತ್ತಿಸುವ ಮುಂಚೆ ನಿಮ್ಮ ಗುರುತಿನ ಚೀಟಿ ತೋರಿಸಿ. ಎಲ್ಲಿಗೆ ಹೋಗುತ್ತಿದ್ದೇವೆ ಅನ್ನುವುದನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ. ಗಾಡಿ ನಂಬರಿನ ಫೋಟೋ ತೆಗೆದು ತಮ್ಮವರಿಗೆ ಕಳಿಸಲು ನೀವೇ ಹೇಳಿ. 2022ರಲ್ಲಿ ಯುಕ್ರೇನಿನಿಂದ ಲಕ್ಷಾಂತರ ಹೆಂಗಸರು, ಮಕ್ಕಳು ಗಡಿ ದಾಟಿದಾಗ, ಸಹಾಯದ ನೆಪದಲ್ಲಿ ಮಾನವ ಕಳ್ಳಸಾಗಣೆ ನಡೆಯಬಹುದು ಎಂದು ವಿಶ್ವಸಂಸ್ಥೆ ಎಚ್ಚರಿಸಿತ್ತು. ಹಾಗಾಗಿ ಯಾರಾದರೂ ನಿಮ್ಮನ್ನು ಅನುಮಾನಿಸಿದರೆ ಬೇಸರ ಬೇಡ, ಅವರ ಭಯ ನ್ಯಾಯವೇ ಅಲ್ವಾ? ಬರಲ್ಲ ಅಂದರೆ ಒತ್ತಾಯ ಮಾಡಬೇಡಿ.

ಪಾಸ್‌ಪೋರ್ಟ್, ಫೋನ್ ಅವರ ಕೈಯಲ್ಲೇ ಇರಲಿ. ಜೋಪಾನವಾಗಿ ಇಡುತ್ತೇನೆ ಅಂತಲೂ ತೆಗೆದುಕೊಳ್ಳಬೇಡಿ. ದುಡ್ಡು ಬೇಡವೇ ಬೇಡ. ಒಂದೇ ಕುಟುಂಬದವರನ್ನು ಬೇರೆ ಬೇರೆ ಗಾಡಿಗೆ ಹಂಚಬೇಡಿ, ಸೀಟು ಸಾಲದಿದ್ದರೆ ದೊಡ್ಡ ಗಾಡಿ ಕೇಳಿ.

ಜೊತೆಗೆ ದೊಡ್ಡವರಿಲ್ಲದ ಮಕ್ಕಳು ಸಿಕ್ಕರೆ ನೀವಾಗಿಯೇ ಕರೆದೊಯ್ಯಬೇಡಿ. ಮೊದಲು ಮಕ್ಕಳ ರಕ್ಷಣೆ ನೋಡಿಕೊಳ್ಳುವ ಅಧಿಕಾರಿಗಳಿಗೆ ತಿಳಿಸಿ. ಕಾಗದಪತ್ರ ಇಲ್ಲದವರನ್ನು ಗಡಿ ದಾಟಿಸುವುದು ಹಲವು ದೇಶಗಳಲ್ಲಿ ಅಪರಾಧ. ಅಂಥ ಕೋರಿಕೆ ಬಂದರೆ ವಕೀಲರನ್ನು ಕೇಳದೆ ಒಪ್ಪಬೇಡಿ.

ದಾರಿಯಲ್ಲಿ ಸುಮ್ನೆ ಅವರ ಹಳೆಯ ಕಥೆ ಕೆದಕಬೇಡಿ. ಅವರ ಹೆಸರು, ಫೋಟೋ, ಇಳಿದ ವಿಳಾಸ ಯಾವುದನ್ನೂ ಗುಂಪಿಗೆ ಹಾಕಬೇಡಿ. ‘ತಲುಪಿದೆವು’ ಅಂತ ಬರೆದರೆ ಸಾಕು.