ನಾಲ್ಕನೇ ಸೀಟು: ಮಗಳಿಗೊಂದು ಪತ್ರ

ಡೊಂಬಿವಲಿ

ಪ್ರೀತಿಯ ಪುಟ್ಟಿ,

ಕಾಲೇಜಿನ ಕಿರುಚಿತ್ರಕ್ಕೆ ಕತೆಯೇ ಹೊಳೀತಿಲ್ಲ ಅಂದೆ. ನಮ್ಮದು ಬರೀ ಮನೆ, ಲೋಕಲ್ ಟ್ರೈನು, ಕೆಲಸ, ಇದರಲ್ಲಿ ತೋರಿಸೋಕೆ ಏನಿದೆ ಅಂತಲೂ ಕೇಳಿದೆ. ಫೋನಿನಲ್ಲಿ ಅವಸರದಲ್ಲಿ ಉತ್ತರ ಕೊಡುವ ಮಾತಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ.

ನಾಲ್ಕನೇ ಸೀಟನ್ನೇ ತಗೋ. ನಮ್ಮ ಮುಂಬೈ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ, ಅಂದರೆ ಹೆಂಗಸರ ಬೋಗಿಯಲ್ಲಿ, ಮೂವರು ಕೂರುವ ಬೆಂಚಿನ ತುದಿಗೆ ನಾಲ್ಕನೆಯವಳು ಅರ್ಧ ಕೂತು, ಒಂದು ಕಾಲನ್ನು ದಾರಿಗೆ ಊರಿಕೊಂಡು ಬರುತ್ತಾಳೆ. ಬಾಯಿಬಿಟ್ಟು ಕೇಳುವುದು ಕಡಿಮೆ. ನಿಂತವಳು ಕೈಯನ್ನು ತುಸು ಆಡಿಸುತ್ತಾಳೆ, ಕೂತವರು ತಲೆ ಎತ್ತದೆ ಒಂದಿಷ್ಟು ಸರಿಯುತ್ತಾರೆ. ಕೆಲವು ಸಲ ಸರಿಯುವುದಿಲ್ಲ. ಯಾರಿಗೆ ಸರಿಯುತ್ತಾರೆ, ಯಾರನ್ನು ಕಂಡರೂ ಕಾಣದ ಹಾಗೆ ಇರುತ್ತಾರೆ? ಕೊರಳಿಗೆ ಆಫೀಸಿನ ಕಾರ್ಡು ಹಾಕಿಕೊಂಡವಳಿಗೆ ಸಿಗುವ ಜಾಗ ನಾಲ್ಕು ಮನೆಯ ಪಾತ್ರೆ ತೊಳೆದು ಬಂದವಳಿಗೂ ಸಿಗುತ್ತದಾ?

ಇನ್ನೊಂದಿದೆ. ಕೂತವಳನ್ನು 'ಕುಠೇ ಉತರಣಾರ್?', ಎಲ್ಲಿ ಇಳೀತೀರಿ, ಅಂತ ಮರಾಠಿಯಲ್ಲಿ ಕೇಳಿ, ಅವಳು ಠಾಣೆ ಸ್ಟೇಷನ್ ಅಂದರೆ ಆ ಸೀಟು ಕೇಳಿದವಳದ್ದು. ಯಾವ ಪುಸ್ತಕದಲ್ಲೂ ಬರೆದಿಲ್ಲದ ಈ ಕರಾರನ್ನು ಇಡೀ ಡಬ್ಬಿ ಪಾಲಿಸುತ್ತದೆ. ಸೀರೆ ಅಂಗಡಿಯಲ್ಲಿ ಬೆಳಗಿನಿಂದ ನಿಂತೇ ಇದ್ದವಳೊಬ್ಬಳು ಹೀಗೆ ಸೀಟು ಹೇಳಿಟ್ಟುಕೊಂಡಿದ್ದಾಳೆ ಅಂತಿಟ್ಟುಕೋ. ಠಾಣೆ ಬಂತು, ಸೀಟು ಖಾಲಿಯಾಯಿತು, ಅಷ್ಟರಲ್ಲಿ ಪಕ್ಕದಲ್ಲಿ ಒಬ್ಬ ಬಸುರಿ. ಇವಳ ಕಾಲು ನೋಯುತ್ತಿದೆ, ಸೀಟು ನ್ಯಾಯವಾಗಿ ಇವಳದ್ದೇ. ಡಬ್ಬಿಯವರೆಲ್ಲ ಇವಳ ಮುಖವನ್ನೇ ನೋಡುತ್ತಿದ್ದಾರೆ. ಕೂತಿರುವ ಒಬ್ಬರೂ ಏಳುತ್ತಿಲ್ಲ. ಇಷ್ಟು ಸಾಲದೇ ನಿನ್ನ ಚಿತ್ರಕ್ಕೆ?

ಇದು ನಾನು ಕಟ್ಟಿದ್ದು, ನೀನು ನಿನ್ನದನ್ನು ಕಟ್ಟು. ಆದರೆ ಆ ಕೈ ಆಡಿಸುವುದನ್ನು ನೋಡದೆ ಇದು ನನಗೆ ಹೊಳೆಯುತ್ತಿರಲಿಲ್ಲ. ಕಂಡದ್ದನ್ನು ಬರೆದಿಟ್ಟುಕೋ ಪುಟ್ಟಿ, ಅನ್ನಿಸಿದ್ದನ್ನಲ್ಲ. 'ಸುಸ್ತಾಗಿದ್ದಳು' ಅಂತ ಬರೆದರೆ ಆರು ತಿಂಗಳ ಮೇಲೆ ಆ ಸಾಲು ನಿನಗೆ ಏನನ್ನೂ ಕೊಡುವುದಿಲ್ಲ. 'ನಿಂತಲ್ಲೇ ಚಪ್ಪಲಿಯಿಂದ ಹಿಮ್ಮಡಿ ಹೊರಗೆ ತೆಗೆದಳು' ಅಂತಿದ್ದರೆ ಅವಳೇ ಎದ್ದು ಬರುತ್ತಾಳೆ.

ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಚಿಕ್ಕಂದಿನಿಂದ ಕಾಗೆ ಬರೆಯುತ್ತಿದ್ದವರು. ಮುಂಬೈಯ ಜೆ.ಜೆ. ಕಲಾಶಾಲೆ ಅವರನ್ನು ಸೇರಿಸಿಕೊಳ್ಳಲಿಲ್ಲ. ಮುಂದೆ ಇದೇ ಮುಂಬೈಯಲ್ಲಿ ಕೂತು ದಶಕಗಳ ಕಾಲ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದು ದೇಶಕ್ಕೆಲ್ಲ ಬೇಕಾದರು. ಆಗಲೂ ಕಾಗೆ ಬಿಡಲಿಲ್ಲ. ಯಾರೂ ತಿರುಗಿ ನೋಡದ ಹಕ್ಕಿ ಅದು. ಅದರ ಕತ್ತಿನ ಓರೆ, ನಡಿಗೆಯ ಗತ್ತು ಅವರಿಗೆ ಸಾಕೆನಿಸಲೇ ಇಲ್ಲ. ನನಗೆ ಅವರ ಕೈಚಳಕಕ್ಕಿಂತ ಆ ಬೇಸರವಿಲ್ಲದ ನೋಟವೇ ದೊಡ್ಡದು.

ಈಗ ನೀನಿರುವ ಊರಿನಲ್ಲೇ ಪೇಠೆಗಳ, ಅಂದರೆ ಹಳೇ ಬಡಾವಣೆಗಳ, ಕಡೆ ನಡೆದು ಹೋಗು. ಪುಣೆಯವರು ಮನೆ ಬಾಗಿಲಿಗೆ, ಗೇಟಿಗೆ ಬರೆದು ಹಾಕುವ ಖಾರವಾದ ಪಾಟಿಗಳನ್ನು, ಆ ಸೂಚನೆಯ ಬೋರ್ಡುಗಳನ್ನು, ನೀವೆಲ್ಲ ಫೋಟೊ ತೆಗೆದು ನಗುತ್ತೀರಿ. ನಕ್ಕು ಮುಂದೆ ಹೋಗಬೇಡ. ಮಧ್ಯಾಹ್ನ 1ರಿಂದ 4ರವರೆಗೆ ಬೆಲ್ ಒತ್ತಬಾರದು ಅಂತ ಬರೆದ ಮನೆಯಲ್ಲಿ ಮಲಗಿರುವವರು ಯಾರು? ಬೆಲ್ ಒತ್ತಿ ಎಬ್ಬಿಸಿದವರು ಯಾರು? ಅಕ್ಷರ ಮಾಸಿದ್ದರೆ ಬರೆದವರು ಈಗಲೂ ಇದ್ದಾರಾ? ಮೊದಲ ಪ್ರಶ್ನೆಗೆ ಹೊಳೆಯುವ ಉತ್ತರ ಎಲ್ಲರಿಗೂ ಹೊಳೆಯುವಂಥದ್ದು. ಮೂರನೆಯ ಪ್ರಶ್ನೆಯವರೆಗೆ ಅಲ್ಲೇ ನಿಲ್ಲು.

ರಜೆಗೆ ಬರುವಾಗ ಬಸ್ಸು ಬೇಡ, ಡೆಕ್ಕನ್ ಕ್ವೀನ್‌ಗೆ ಟಿಕೆಟ್ ಮಾಡು. 1930ರಿಂದ ಪುಣೆ-ಮುಂಬೈ ನಡುವೆ ಓಡುತ್ತಿರುವ ಗಾಡಿ, ಊಟದ ಬೋಗಿಯೂ ಇದೆ. ನಿತ್ಯ ಓಡಾಡುವ ಪಾಸಿನವರು ಯಾರ ಪಕ್ಕ ಕೂರುತ್ತಾರೆ, ಏನು ಹಂಚಿ ತಿನ್ನುತ್ತಾರೆ ನೋಡಿಕೊಂಡು ಬಾ. ನಾನು ದಾದರ್‌ಗೆ ಬಂದಿರುತ್ತೇನೆ. ಮಾಟುಂಗಕ್ಕೆ ಹೋಗಿ ದೋಸೆ ತಿನ್ನೋಣ, ನೀನು ಹೇಳು, ನಾನು ಕೇಳುತ್ತೇನೆ. ನೋಟ್‌ಬುಕ್ಕು ಮರೆಯಬೇಡ.

ನಿನ್ನ
ಅಮ್ಮ