ಅರಿಶಿನದ ಡಬ್ಬಿ ಮುಂದಿಟ್ಟುಕೊಂಡು ಆಹಾರ ಸುರಕ್ಷತಾ ಆಯುಕ್ತರಿಗೆ ಬರೆದ ಪತ್ರ

ಮಾನ್ಯ ಆಯುಕ್ತರೇ,

ನಮಸ್ಕಾರ. ನಾನು ಮೈಸೂರಿನವಳು. ನಮ್ಮದು ಆರು ಜನರ ಮನೆ. ಎಲ್ಲರಿಗಿಂತ ಚಿಕ್ಕವಳು ನನ್ನ ಮೊಮ್ಮಗಳು, ಅವಳಿಗೀಗ ಎರಡೂವರೆ ವರ್ಷ. ಅವಳ ಬೇಳೆಗೆ ದಿನಾ ನಾನು ಹಾಕುವ ಒಂದು ಚಿಟಿಕೆ ಅರಿಶಿನದ ಬಗ್ಗೆ ನಿಮಗೆ ಹೇಳಬೇಕಿತ್ತು.

ನಮ್ಮ ಮನೆಗೆ ಗುಂಡ್ಲುಪೇಟೆ ಕಡೆಯ ನೆಂಟರ ಹೊಲದಿಂದ ಅರಿಶಿನ ಬರುತ್ತಿತ್ತು. ಬೇಯಿಸಿ ಒಣಗಿಸಿದ ಕೊಂಬು. ಅದನ್ನು ಜಜ್ಜಿ, ಇನ್ನೊಂದೆರಡು ಬಿಸಿಲು ಕಾಣಿಸಿ, ಮಿಲ್ಲಿಗೆ ಕೊಟ್ಟು ಪುಡಿ ಮಾಡಿಸುತ್ತಿದ್ದೆವು. ಬಣ್ಣ ಸ್ವಲ್ಪ ಮಂಕು. ಆದರೆ ಡಬ್ಬಿ ಮುಚ್ಚಳ ತೆಗೆದರೆ ಅಡುಗೆಮನೆ ತುಂಬ ಘಮ. ಹೋದ ವರ್ಷ ಅವರು ಅರಿಶಿನ ಹಾಕಲಿಲ್ಲ. ಮಗು ಇರುವ ಮನೆ, ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ ಅಂದುಕೊಂಡು ಒಂದು ಅಂಗಡಿಯಿಂದ 'ಶುದ್ಧ ಸಾವಯವ' ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದ ಪ್ಯಾಕೆಟ್ ತಂದೆ. ಮಾಮೂಲಿ ಪುಡಿಗಿಂತ ಎರಡು ಪಟ್ಟು ರೇಟು.

ಮೊದಲ ದಿನವೇ ಸಾರಿನ ಬಣ್ಣ ನೋಡಿ ಅನುಮಾನ ಬಂತು. ಆದರೂ ಬಳಸುತ್ತಲೇ ಇದ್ದೆ. ಮೂರು ವಾರ ಕಳೆದ ಮೇಲೆ ಎರಡು ಗಾಜಿನ ಲೋಟದಲ್ಲಿ ನೀರು ತುಂಬಿಸಿ, ಒಂದಕ್ಕೆ ಡಬ್ಬಿಯ ತಳದಲ್ಲಿ ಉಳಿದಿದ್ದ ಹಳೆ ಪುಡಿ ಅರ್ಧ ಚಮಚ, ಇನ್ನೊಂದಕ್ಕೆ ಹೊಸದು ಅರ್ಧ ಚಮಚ ಹಾಕಿ ಬಿಟ್ಟೆ. ಹಳೆಯದು ತಳಕ್ಕೆ ಕೂತಿತು, ಮೇಲಿನ ನೀರು ತಿಳಿ ಹಳದಿ. ಹೊಸದರ ನೀರು ಮಾತ್ರ ಕಡು ಹಳದಿಯಾಗೇ ನಿಂತಿತು. ಮನೆಯಲ್ಲೇ ಹೀಗೆ ನೋಡಿ ಅಂತ ಹೇಳಿಕೊಟ್ಟಿರುವುದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನವರೇ. ಆದರೆ ಲೋಟದ ನೀರು ಅನುಮಾನ ಹುಟ್ಟಿಸುತ್ತದೆ, ಅಷ್ಟೆ. ಒಳಗೆ ಏನಿದೆ, ಎಷ್ಟಿದೆ ಅಂತ ಅದು ಹೇಳುವುದಿಲ್ಲ.

ಆಮೇಲೆ ಪ್ಯಾಕೆಟ್ಟನ್ನು ಕನ್ನಡಕ ಹಾಕಿಕೊಂಡು ಓದಿದೆ. 14 ಅಂಕಿಯ ಲೈಸೆನ್ಸ್ ನಂಬರ್ ಇತ್ತು. ಅದು ಆಹಾರದ ವ್ಯಾಪಾರ ಮಾಡಲು ಸಿಕ್ಕ ಅನುಮತಿ, ಒಳಗಿರುವ ಪುಡಿ ಸಾವಯವ ಅನ್ನುವುದಕ್ಕೆ ಸಾಕ್ಷಿ ಅಲ್ಲ. ಸಾವಯವ ಅನ್ನಬೇಕಾದರೆ ಎನ್‌ಪಿಒಪಿ ಅಥವಾ ಪಿಜಿಎಸ್ ಇಂಡಿಯಾ ಅನ್ನುವ ಸರ್ಕಾರದ ಸಾವಯವ ವ್ಯವಸ್ಥೆಯ ಪ್ರಮಾಣಪತ್ರ ಬೇಕು, ಪ್ಯಾಕೆಟ್ ಮೇಲೆ 'ಜೈವಿಕ್ ಭಾರತ್' ಚಿಹ್ನೆ ಇರಬೇಕು ಅಂತ 2017ರಲ್ಲೇ ನಿಯಮ ಬಂದಿದೆ. ಬೆಳೆದದ್ದನ್ನು ತಾನೇ ನೇರವಾಗಿ ಮಾರುವ ಸಣ್ಣ ರೈತನಿಗೆ ಇದರಿಂದ ವಿನಾಯಿತಿ ಇದೆ, ಅದು ನ್ಯಾಯವೂ ಹೌದು. ನಾನು ತಂದ ಪ್ಯಾಕೆಟ್ ಅಂಥ ರೈತನದ್ದೂ ಅಲ್ಲ, ಅದರ ಮೇಲೆ ಚಿಹ್ನೆಯೂ ಇಲ್ಲ. ಒಂದು ಹಸಿರು ಎಲೆಯ ಚಿತ್ರ ಇತ್ತು. ನಾನು ದುಡ್ಡು ಕೊಟ್ಟದ್ದು ಆ ಎಲೆಗೆ.

ಮೆಣಸಿನಪುಡಿಗೆ ಬಣ್ಣ ಬೆರೆಸಿದರೂ ತಪ್ಪೇ, ಆದರೆ ಅರಿಶಿನದ ಭಯ ಬೇರೆ. ಕೊಂಬಿಗೆ ಪಾಲಿಶ್ ಮಾಡುವಾಗ ಹೊಳಪು ಬರಲಿ ಅಂತ ಕೆಲವು ಕಡೆ ಲೆಡ್ ಕ್ರೋಮೇಟ್ ಸೇರಿಸುತ್ತಾರೆ. ಅದು ಪೇಂಟಿಗೆ ಹಾಕುವ ಹಳದಿ, ಸೀಸ ಇರುವಂಥದ್ದು. ಸೀಸ ಚಿಕ್ಕ ಮಕ್ಕಳ ಮೆದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ, ಇಷ್ಟಿದ್ದರೆ ತೊಂದರೆ ಇಲ್ಲ ಅನ್ನುವ ಅಳತೆಯೇ ಅದಕ್ಕಿಲ್ಲ. ಕುದಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಸಾರ್. ಆ ಪ್ಯಾಕೆಟ್ಟಿನ ಪುಡಿ ಹಾಕಿ ಮಗುವಿಗೆ ಮೂರು ವಾರ ಊಟ ಮಾಡಿಸಿದ್ದೆ.

ಪಕ್ಕದ ಬಾಂಗ್ಲಾದೇಶ ಇದನ್ನು ನಿಲ್ಲಿಸಿ ತೋರಿಸಿದೆ. 2019ರಲ್ಲಿ ಅಲ್ಲಿನ ಮಾರುಕಟ್ಟೆಯಿಂದ ತೆಗೆದ ಅರಿಶಿನದ ಮಾದರಿಗಳಲ್ಲಿ ಶೇ 47ರಲ್ಲಿ ಸೀಸ ಸಿಕ್ಕಿತ್ತು. ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರ ತೆಗೆದುಕೊಂಡು ಅಧಿಕಾರಿಗಳು ಢಾಕಾದ ಸಗಟು ಮಾರುಕಟ್ಟೆಗೇ ಹೋದರು. ಜನರ ಎದುರೇ ಪರೀಕ್ಷೆ ಮಾಡಿದರು, ದಂಡ ಹಾಕಿದರು, ಪತ್ರಿಕೆ ಟಿವಿಯಲ್ಲಿ ಸುದ್ದಿ ಬಂತು, ಅಂಗಡಿ ಅಂಗಡಿಗೆ ಎಚ್ಚರಿಕೆಯ ನೋಟೀಸು ಅಂಟಿಸಿದರು. 2021ರ ಹೊತ್ತಿಗೆ ಸೀಸ ಸಿಕ್ಕ ಮಾದರಿ ಸೊನ್ನೆ. ಎರಡೇ ವರ್ಷ.

ನಮ್ಮಲ್ಲೂ ಆಗುತ್ತದೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು, ಬಾಂಬೆ ಮಿಠಾಯಿಗೆ ಬಟ್ಟೆಗೆ ಹಾಕುವ ರೋಡಮಿನ್ ಬಿ ಬಣ್ಣ ಹಾಕಬಾರದು ಅಂತ ನಮ್ಮ ಸರ್ಕಾರವೇ ಆದೇಶ ಮಾಡಿತು. ಜೂನ್‌ನಲ್ಲಿ ಕಬಾಬಿಗೂ ಬಂತು. ನಮ್ಮ ಬೀದಿಯ ಗಾಡಿಯಲ್ಲಿ ಈಗ ಗೋಬಿ ಕಂದು ಬಣ್ಣಕ್ಕೇ ಬರುತ್ತದೆ, ಜನ ತಿನ್ನುತ್ತಲೂ ಇದ್ದಾರೆ. ಗಾಡಿಯವರಿಗೆ ಹೇಳಿದ್ದನ್ನು ಪ್ಯಾಕೆಟ್ಟಿನವರಿಗೂ ಅಷ್ಟೇ ಗಟ್ಟಿಯಾಗಿ ಹೇಳಬಹುದಲ್ವಾ?

ಅದೇ ವರ್ಷ ಏಪ್ರಿಲ್‌ನಲ್ಲಿ ಸಿಂಗಾಪುರದಲ್ಲಿರುವ ನನ್ನ ತಂಗಿ ಫೋನ್ ಮಾಡಿ, "ಅಕ್ಕಾ, ನಮ್ಮ ದೇಶದ ಮಸಾಲೆ ಪುಡಿ ಒಂದರಲ್ಲಿ ಎಥಿಲೀನ್ ಆಕ್ಸೈಡ್ ಅನ್ನುವ ಕೀಟನಾಶಕ ಇದೆ ಅಂತ ಇಲ್ಲಿ ವಾಪಸ್ ತರಿಸಿಕೊಳ್ಳುತ್ತಿದ್ದಾರೆ, ನೀನು ಯಾವುದು ತರುತ್ತೀಯ?" ಅಂತ ಕೇಳಿದಳು. ಯಾವ ಪುಡಿ, ಯಾವ ಪ್ಯಾಕೆಟ್ ಅನ್ನುವುದು ಅವಳ ಮೊಬೈಲಿನಲ್ಲಿ ಇತ್ತು. ನನಗೆ ಅಂಥ ಮಾಹಿತಿ ಕನ್ನಡದಲ್ಲಿ, ನನ್ನ ಊರಿನ ಅಂಗಡಿಯ ಮಾಲಿನ ಬಗ್ಗೆ ಬೇಕು.

ನಾನು ಕೇಳುವುದು ಇಷ್ಟು. ಮೈಸೂರಿನ ಸಂತೇಪೇಟೆ, ಬೆಂಗಳೂರಿನ ಯಶವಂತಪುರದ ಯಾರ್ಡು, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ, ಇಂಥ ಕಡೆ ತಿಂಗಳಿಗೆ ಒಂದು ದಿನ ಗೊತ್ತು ಮಾಡಿ ಪರೀಕ್ಷೆಯ ಮೇಜು ಹಾಕಿಸಿ. ಸೀಸ ನೋಡುವ ಆ ಕೈಯಂತ್ರ ಅಲ್ಲಿರಲಿ. ವ್ಯಾಪಾರಿಯ ಮೂಟೆಯನ್ನೂ ನೋಡಿ, ನಮ್ಮಂಥವರು ತಂದ ಡಬ್ಬಿಯನ್ನೂ ನೋಡಿ. ಬಂದ ಫಲಿತಾಂಶವನ್ನು ಬ್ರ್ಯಾಂಡ್ ಮತ್ತು ಬ್ಯಾಚ್ ನಂಬರ್ ಸಮೇತ ಕನ್ನಡದಲ್ಲಿ ಬೋರ್ಡಿಗೆ ಹಾಕಿ, ಚೆನ್ನಾಗಿ ಬಂದವರ ಹೆಸರನ್ನೂ ಹಾಕಿ. ಆಹಾರದ ಸಂಶೋಧನೆಗೆಂದೇ ಇರುವ ಸಿಎಫ್‌ಟಿಆರ್‌ಐ ನಮ್ಮೂರಲ್ಲೇ ಇದೆ, ಅವರ ಸಹಾಯ ಕೇಳಿ.

2006ರ ಆಹಾರ ಸುರಕ್ಷತಾ ಕಾಯಿದೆಯ 40ನೇ ಸೆಕ್ಷನ್ ಪ್ರಕಾರ ಗ್ರಾಹಕರೇ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು, ಗೊತ್ತು. ಆದರೆ ಕೊಳ್ಳುವಾಗಲೇ ಅಂಗಡಿಯವರಿಗೆ "ಇದನ್ನು ಪರೀಕ್ಷೆಗೆ ಕಳಿಸುತ್ತೇನೆ" ಅಂತ ಹೇಳಬೇಕಂತೆ. ದಿನಾ ಮುಖ ನೋಡುವ ಅಂಗಡಿಯಲ್ಲಿ, 100 ಗ್ರಾಂ ಅರಿಶಿನಕ್ಕೆ, ಯಾವ ಹೆಣ್ಣುಮಗಳು ಹಾಗೆ ಹೇಳಿಯಾಳು?

ಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳಿ ಅಂತ ಕೆಲವರು ಹೇಳುತ್ತಾರೆ. ನಾನು ಮಾಡಿಕೊಳ್ಳುತ್ತೇನೆ. ಬೇಸಿಗೆಯಲ್ಲಿ ಬ್ಯಾಡಗಿ ತಂದು, ತೊಟ್ಟು ಬಿಡಿಸಿ, ಗಲಗಲ ಅನ್ನುವವರೆಗೆ ತಾರಸಿಯಲ್ಲಿ ಒಣಗಿಸಿ, ಧನಿಯಾ ಹುರಿದು, ಖಾರದ ಮಿಲ್ಲಿನಲ್ಲಿ ಮುಂದೆ ನಿಂತೇ ಬೀಸಿಸುತ್ತೇನೆ. ಮೊದಲು ಬೀಳುವ ಒಂದು ಹಿಡಿ ನನಗಿಂತ ಮುಂಚೆ ಬೀಸಿಸಿದವರದ್ದು, ಅದನ್ನು ಬೇರೆ ತೆಗೆಸುತ್ತೇನೆ. ಬ್ಯಾಡಗಿಗೆ ಖಾರ ಕಮ್ಮಿ, ಬಣ್ಣ ಜಾಸ್ತಿ. ಇಂಥ ಕಾಯಿ ಬೆಳೆಯುವ ನಾಡಿನಲ್ಲಿ ಪುಡಿಗೆ ಬಣ್ಣ ಬೆರೆಸುತ್ತಾರೆ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ನನ್ನ ಸೊಸೆ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡುತ್ತಾಳೆ. ಬೆಂಗಳೂರಿನಲ್ಲಿ ರೂಮು ಮಾಡಿಕೊಂಡಿರುವ ಹುಡುಗರಿಗೆ ತಾರಸಿ ಎಲ್ಲಿದೆ? ಅವರೆಲ್ಲ ಪ್ಯಾಕೆಟ್ಟನ್ನೇ ನಂಬಬೇಕು. ಸುಮ್ನೆ ಅಜ್ಜಿ ಕಾಲದ ಮಾತು ಹೇಳಿ ಅವರ ಬಾಯಿ ಮುಚ್ಚಿಸಬಾರದು.

ಇನ್ನೊಂದು ವಿಷಯ. ಜೈವಿಕ್ ಭಾರತ್ ಚಿಹ್ನೆ ಹೇಗಿರುತ್ತದೆ ಅಂತ ನಮ್ಮ ಬೀದಿಯ ಹತ್ತು ಹೆಂಗಸರನ್ನು ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಅಂಗನವಾಡಿಯ ಗೋಡೆ ಮೇಲೆ, ನ್ಯಾಯಬೆಲೆ ಅಂಗಡಿಯ ಬೋರ್ಡಿನ ಪಕ್ಕ ಅದನ್ನು ದೊಡ್ಡದಾಗಿ ಬರೆಸಿ. ಚಿಹ್ನೆ ಇಲ್ಲದೆ ಸಾವಯವ ಅಂತ ಮಾರುವವರನ್ನು ಆಗ ನಾವೇ ಕೇಳುತ್ತೇವೆ.

ಆ ಪ್ಯಾಕೆಟ್ ಎಸೆದಿಲ್ಲ. ಬಿಲ್ಲಿನ ಸಮೇತ ಒಂದು ಸ್ಟೀಲ್ ಡಬ್ಬಿಯಲ್ಲಿ, ಮಗುವಿಗೆ ಎಟುಕದ ಹಾಗೆ ಮೇಲಿನ ಕಪಾಟಿನಲ್ಲಿ ಇಟ್ಟಿದ್ದೇನೆ. ಸಂತೇಪೇಟೆಯಲ್ಲಿ ಮೇಜು ಹಾಕಿಸುವ ದಿನ ಯಾವುದು ಅಂತ ತಿಳಿಸಿ, ತೆಗೆದುಕೊಂಡು ಬರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಮೈಸೂರಿನ ಒಬ್ಬ ಅಜ್ಜಿ